ಐದು ನೀರಿನ ಪಾನಕ

ಆಳಂದ
೧೮ ಡಿಸೆಂಬರ್ ೧೯೪೭

ಜೇವರ್ಗಿಯ ಬೀಗಿತಿ ಸೌ. ಸುಮಿತ್ರಾಬಾಯಿಯವರಿಗೆ,

ಕ್ಷೇಮಸಮಾಚಾರ ಕೊನೆಗೆ ಬರೆಯುತ್ತೇನೆ. ಮೊದಲು ಬರೆಯಬೇಕಾದದ್ದು ಬೇರೆ ಇದೆ.

ನನ್ನ ಮಗ ಗುರುರಾಜನ ಲಗ್ನಕ್ಕೆ ನಮ್ಮ ದಿಬ್ಬಣ ನಿಮ್ಮೂರಿನ ಹನುಮಪ್ಪನ ಗುಡಿಯ ಮುಂದೆ ಇಳಿದಾಗ ಹೊತ್ತು ನೆತ್ತಿಯ ಮೇಲಿತ್ತು. ಹೆಣ್ಣಿನ ತಾಯಿ ಗಂಡಿನ ತಾಯಿಯ ಕಾಲು ತೊಳೆದು, ಬೆಳ್ಳಿ ಬಟ್ಟಲಿನ ಮೊದಲ ಪಾನಕವನ್ನು ಆಕೆಯ ಕೈಗೆ ಕೊಟ್ಟ ಮೇಲೆಯೇ ಉಳಿದವರು ಕುಡಿಯಬೇಕು. ಈ ಪದ್ಧತಿ ನಿಮ್ಮ ಮನೆಯಲ್ಲೂ ಇದೆ, ನಮ್ಮ ಮನೆಯಲ್ಲೂ ಇದೆ. ನೀವು ನನ್ನ ಕಾಲು ತೊಳೆದಿರಿ. ನಾನು ಕೈ ಚಾಚಿದೆ. ಬಟ್ಟಲು ನನ್ನ ಬೆರಳುಗಳ ಮುಂದಿನಿಂದ ಹಾದು, ಅದೇ ಆಗ ಟಾಂಗಾದಿಂದ ಇಳಿದು ನನ್ನ ಹಿಂದೆ ಬಂದು ನಿಂತ ಪೊಲೀಸ್ ಅಮೀನ ಸಾಹೇಬರ ಹೆಂಡತಿ ಕರೀಮುನ್ನಿಸಾ ಬೇಗಂ ಅವರ ಕೈ ಸೇರಿತು. ನನ್ನ ಕೈ ಚಾಚಿದಂತೆಯೇ ಉಳಿಯಿತು. ಹಿಂದೆ ಯಾರೋ ಹೆಂಗಸು ನಕ್ಕಳು. ಆ ನಗೆ ಇಂದಿಗೂ ನನ್ನ ಕಿವಿಯಲ್ಲಿದೆ.

ಎರಡನೆಯದಾಗಿ ಬಂದ ಬಟ್ಟಲನ್ನು ನಾನು ಮುಟ್ಟಲಿಲ್ಲ. ನಮ್ಮ ಯಜಮಾನರು ಕುಡಿದರು. ನಿಂಬೆ ಹೆಚ್ಚಾಗಿತ್ತಂತೆ, ಯಾಲಕ್ಕಿ ಮುಗ್ಗಿತ್ತಂತೆ. ಹಿಂದಿರುಗುವಾಗ ಬಂಡಿಯಲ್ಲಿ ಅವರು, “ಒಂದ್ ಬಟ್ಟಲ ಪಾನಕದ ಸಲುವಾಗಿ ಎಷ್ಟು ದಿನಾ ಮಾರಿ ಊದಿಸ್ಕೊಂಡು ಕೂಡ್ತೀ?” ಎಂದು ಕೇಳಿದರು. “ನೀವು ಕುಡದೀರಿ. ಕುಡದವರಿಗೆ ಏನು ತಿಳೀತದ?” ಎಂದೆ.

ನಿಮ್ಮ ಮಗಳು ಪ್ರಮಿಲಾಳನ್ನು ಇದಕ್ಕಾಗಿ ನಾನು ಬೈಯುವುದಿಲ್ಲ. ಹುಡುಗಿ ಮಡಿಯಲ್ಲಿ ಚುರುಕು, ಮಾತಿನಲ್ಲಿ ಮಿತ. ಆದರೆ ಸರಕಾರದವರ ಹೆಂಡತಿಯ ಮುಂದೆ ಬಾಗಲು ನನ್ನನ್ನು ದಾಟಿ ಹೋದಿರಿ. ಅದನ್ನು ನೀವು ತೀರಿಸಬೇಕಾಗುತ್ತದೆ.

ಇಲ್ಲಿ ಎಲ್ಲರೂ ಕ್ಷೇಮ.

ಉಮಾಬಾಯಿ

*

ಜೇವರ್ಗಿ
೯ ಜನವರಿ ೧೯೪೮

ಪೂಜ್ಯ ಬೀಗಿತಿಯವರಿಗೆ ಸುಮಿತ್ರೆಯ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಎರಡು ಹೊತ್ತು ಊಟ ಸೇರಲಿಲ್ಲ. ನಾನು ಕನ್ನಡ ನಾಲ್ಕನೆಯ ಇಯತ್ತೆ ಕಲಿತವಳು. ನೀವು ಸೊಲ್ಲಾಪುರದ ಹೈಸ್ಕೂಲಿನಲ್ಲಿ ಓದಿದವರು. ನಿಮ್ಮಷ್ಟು ಚೂಪಾಗಿ ಬರೆಯಲು ನನಗೆ ಬಾರದು.

ಅಂದು ತಪ್ಪಾಯಿತು. ಅದಕ್ಕೊಂದು ಕಾರಣವೂ ಇತ್ತು. ಅದು ಕಾಗದದಲ್ಲಿ ಬರೆಯುವಂಥದ್ದಲ್ಲ. ಈಗಿನ ದಿನಗಳಲ್ಲಿ ಟಪಾಲು ಯಾರ ಯಾರ ಕೈಯಲ್ಲಿ ಬಿಚ್ಚುತ್ತದೆಂದು ನಿಮಗೂ ಗೊತ್ತು. ಭೆಟ್ಟಿಯಾದಾಗ ಹೇಳುತ್ತೇನೆ. ಅಲ್ಲಿಯ ತನಕ ದೊಡ್ಡ ಮನಸ್ಸು ಮಾಡಬೇಕು.

ನಿಂಬೆಯ ಮಾತು ಮಾತ್ರ ಒಪ್ಪಲಾರೆ. ನಮ್ಮ ಮನೆಯ ಪಾನಕಕ್ಕೆ ಸುಗಂಧಿ ಬೇರನ್ನು ಜಜ್ಜಿ, ರಾತ್ರಿಯೆಲ್ಲ ತಾಮ್ರದ ತಂಬಿಗೆಯಲ್ಲಿ ನೆನೆಹಾಕಿ, ಸೋಸಿ, ಕಲ್ಲುಸಕ್ಕರೆ ಕೂಡಿಸುತ್ತೇವೆ. ನಿಂಬೆಯನ್ನು ಕೊನೆಗೆ ಹಿಂಡುವುದು ಬಣ್ಣ ಏರಲೆಂದು. ಜೇವರ್ಗಿಯಲ್ಲಿ ಯಾರನ್ನು ಬೇಕಾದರೂ ಕೇಳಿರಿ. ಬೀಗರಿಗೆ ಹುಳಿ ಎನಿಸಿದ್ದು ದಾರಿಯ ದಣಿವಿನಿಂದ ಇರಬಹುದು.

ಪ್ರಮಿಲಾಗೆ ಥಂಡಿ ಬೇಗ ಹತ್ತುತ್ತದೆ. ನಸುಕಿನಲ್ಲಿ ತಣ್ಣೀರು ಮೀಯಲು ಬಿಡಬೇಡಿ.

ಸುಮಿತ್ರಾಬಾಯಿ

*

ಆಳಂದ
೨೦ ಮಾರ್ಚ್ ೧೯೪೮

ಸೌ. ಸುಮಿತ್ರಾಬಾಯಿಯವರಿಗೆ,

ನಿಮ್ಮ ಮಗಳು ಬಸುರಿ. ಎರಡು ತಿಂಗಳು ಕಳೆದವು. ಊಟ ಸೇರುತ್ತಿಲ್ಲ, ಆದರೆ ಮಾವಿನ ಮಿಡಿ ಕಂಡಲ್ಲಿ ಕೈ ಹಾಕುತ್ತಾಳೆ. ಬಿಸಿನೀರು ಕಾಯಿಸಿಕೊಡುತ್ತಿದ್ದೇನೆ. ಅದನ್ನು ನೀವು ಹೇಳಿಕೊಡಬೇಕಾಗಿರಲಿಲ್ಲ.

ಕಾಗದದಲ್ಲಿ ಬರೆಯಲಾಗದ ಕಾರಣವೆಂದರೆ ಕಾರಣವೇ ಇಲ್ಲವೆಂದು ನಾನು ತಿಳಿಯುತ್ತೇನೆ.

ಸುಗಂಧಿ ಬೇರಿಗೆ ಕಲ್ಲುಸಕ್ಕರೆ ಹಾಕಿ ನಿಂಬೆ ಹಿಂಡಿದರೆ ಅದು ಶರಬತ್ತು. ಪಾನಕದ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಮನೆಯದು ಐದು ನೀರಿನ ಪಾನಕ. ಅತ್ತೆಯವರು ನನಗೆ ಕಲಿಸುವ ಮೊದಲು ಮೂರು ಬೇಸಿಗೆ ಬರೀ ಕೊಡ ತೊಳೆಸಿದ್ದರು. ಜಿಡಗಾ ಮಠದ ದಾರಿಯಲ್ಲಿ ಹೋಗುವವರು ನಮ್ಮ ಕಟ್ಟೆಯ ಮೇಲೆ ಕುಳಿತು ಇದನ್ನು ಕುಡಿದೇ ಮುಂದೆ ಹೋಗುತ್ತಾರೆ. ಒಬ್ಬರೂ ಎರಡನೆಯ ಬಟ್ಟಲು ಬೇಡವೆಂದದ್ದಿಲ್ಲ.

ಉಮಾಬಾಯಿ

*

ಜೇವರ್ಗಿ
೧೧ ಮೇ ೧೯೪೮

ಪೂಜ್ಯ ಬೀಗಿತಿಯವರಿಗೆ,

ಪ್ರಮಿಲಾ ಬಂದು ಮುಟ್ಟಿದಳು. ದಾರಿಯಲ್ಲಿ ರಜಾಕಾರರ ಕಾಟ ಇರುವ ಈ ಕಾಲದಲ್ಲಿ ಅಳಿಯಂದಿರು ತಾವೇ ಬಂದು ಬಿಟ್ಟು ಹೋದದ್ದು ದೊಡ್ಡ ಉಪಕಾರ. ಮಗಳ ಮೈಕಟ್ಟು ನೋಡಿದರೆ ನೀವು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೀರೆಂದು ತಿಳಿಯುತ್ತದೆ.

ಐದನೆಯ ತಿಂಗಳಿನಲ್ಲಿ ಬಸುರಿಗೆ ಮಾಡುವ ಕುಬಸದ ಶಾಸ್ತ್ರವನ್ನು ಜೂನ್ ಮೊದಲ ವಾರ ಇಟ್ಟುಕೊಂಡಿದ್ದೇವೆ. ಹಸಿರು ಸೀರೆ, ಕುಬಸ, ಬಳೆ ಎಲ್ಲ ತಂದಾಗಿದೆ. ನನ್ನದೊಂದು ಆಸೆ. ಆ ದಿನ ನಮ್ಮ ಮನೆಯಲ್ಲಿ ನಿಮ್ಮ ಐದು ನೀರಿನ ಪಾನಕವನ್ನೇ ಮಾಡಬೇಕು. ಲಗ್ನದಲ್ಲಿ ಇದ್ದವರೆಲ್ಲ ಇರುತ್ತಾರೆ. ಅವರ ಎದುರಿಗೆ ಮೊದಲ ಬಟ್ಟಲನ್ನು ನಿಮ್ಮ ಕೈಗೆ ಕೊಟ್ಟು ನನ್ನ ತಪ್ಪನ್ನು ತಿದ್ದಿಕೊಳ್ಳುತ್ತೇನೆ. ಮಾಡುವ ರೀತಿ ಬರೆದು ಕಳಿಸಬೇಕು. ನೀವು ಬರಲೇಬೇಕು.

ನಾದಿನಿಗೆ ಹೇಳಿದರೆ, “ಅಯ್ಯ, ಆಕಿ ತಮ್ಮ ಪಾನಕ ಕಲಿಸ್ತಾಳೇನ? ನೀನೂ ಶುದ್ಧ ಹುಚ್ಚಿ!” ಎಂದು ನಕ್ಕಳು. ನಾನು ನಿಮ್ಮನ್ನು ನಂಬಿದ್ದೇನೆ.

ಸುಮಿತ್ರಾಬಾಯಿ

*

ಆಳಂದ
೨೪ ಮೇ ೧೯೪೮

ಸೌ. ಸುಮಿತ್ರಾಬಾಯಿಯವರಿಗೆ,

ನಾನು ಬರುವುದಿಲ್ಲ. ಮೊಣಕಾಲು ಬಂಡಿಯ ಪ್ರವಾಸ ತಡೆಯುವುದಿಲ್ಲ. ಗುರುರಾಜ ಬರುತ್ತಾನೆ. ರೀತಿ ಬರೆಯುತ್ತೇನೆ, ಎರಡು ಸಲ ಓದಿಕೊಳ್ಳಿ.

ಹೊಸ ಮಣ್ಣಿನ ಕೊಡದಲ್ಲಿ ಲಾವಂಚವನ್ನು ಹಿಂದಿನ ದಿನವೇ ನೆನೆಹಾಕಬೇಕು. ಅದು ಮೊದಲ ನೀರು. ಭೂಸನೂರ ಕಡೆಯ ಬೆಲ್ಲ ಕಳಿಸಿದ್ದೇನೆ. ಅದನ್ನು ಕರಗಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿದರೆ ಎರಡನೆಯದು. ಮಾವಿನಕಾಯಿಯನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ತಿರುಳನ್ನು ಕೈಯಿಂದಲೇ ಕಿವುಚಿ ನೀರು ಮಾಡಿಕೊಳ್ಳಬೇಕು. ಒರಳಿಗೆ ಹಾಕಿದರೆ ನಾರು ಬರುತ್ತದೆ. ಕೊತ್ತಂಬರಿ ಬೀಜ ಜಜ್ಜಿ ನೆನೆಸಿದ್ದು ನಾಲ್ಕನೆಯದು. ನಿಂಬೆಹಣ್ಣಿನ ರಸದಲ್ಲಿ ಸೈಂಧವ ಕರಗಿಸಿದ್ದು ಐದನೆಯದು. ಇದೇ ಕ್ರಮದಲ್ಲಿ ಒಂದರ ಮೇಲೊಂದು ಸುರಿಯಬೇಕು. ನಿಂಬೆ ಮೊದಲು ಬಿದ್ದರೆ ಲಾವಂಚದ ಕಂಪು ಸಾಯುತ್ತದೆ.

ಕೊನೆಗೆ ಹಾಕುವ ಪುಡಿಯನ್ನು ನಾನೇ ಕುಟ್ಟಿ ಗಂಟು ಕಟ್ಟಿ ಕಳಿಸಿದ್ದೇನೆ. ಶುಂಠಿ, ಮೆಣಸು, ಜೀರಿಗೆ, ಯಾಲಕ್ಕಿ ಅದರಲ್ಲಿವೆ. ಇಡೀ ಗಂಟನ್ನೂ ಹಾಕಬೇಕು. ದೇವರಿಗೆ ನೈವೇದ್ಯ ಆಗುವ ತನಕ ಯಾರೂ ನಾಲಿಗೆಗೆ ಹಚ್ಚಕೂಡದು. ನಿಮ್ಮ ಮನೆಯಲ್ಲಿ ಮಡಿ ಸರಿಯಾಗಿ ನಡೆಯುತ್ತದೆಂದು ಕೇಳಿದ್ದೇನೆ.

ನಾನು ಇಲ್ಲದಿರುವುದರಿಂದ ಮೊದಲ ಬಟ್ಟಲು ನಿಮ್ಮ ಮನೆಯ ಹಿರಿಯರಾದ ನಿಮ್ಮ ಭಾವನವರಿಗೆ ಸಲ್ಲಲಿ. ಎರಡನೆಯದು ನಿಮ್ಮ ಬೇಗಂ ಅವರಿಗೆ. ಬಸುರಿಗೆ ಮಾತ್ರ ಈ ಪಾನಕ ಬೇಡ. ಒಂದು ಗುಟುಕೂ ಬೇಡ.

ಉಮಾಬಾಯಿ

*

ಆಳಂದ
೨೫ ಮೇ ೧೯೪೮

ಅಫಜಲಪುರದ ಚಿ. ತಂಗಿ ಲೀಲಾಬಾಯಿಗೆ ಆಶೀರ್ವಾದ.

ನಿನಗೆ ಸುಳ್ಳು ಬರೆಯಲಾರೆ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ನಿನ್ನೆ ಮೊಣಕಾಲೂರಿ ಪಡಸಾಲೆ ಸಾರಿಸಿದ್ದೂ ನಾನೇ.

ಜೇವರ್ಗಿಯವಳು ತಾನಾಗಿಯೇ ಕೈಗೆ ಸಿಕ್ಕಿದ್ದಾಳೆ. ಕುಬಸಕ್ಕೆ ನಮ್ಮ ಪಾನಕ ಬೇಕಂತೆ. ಪುಡಿ ಕುಟ್ಟಿ ಕಳಿಸಿದ್ದೇನೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಿರಾತಕಡ್ಡಿ. ಜ್ವರಕ್ಕೆ ಕುದಿಸಿ ಕೊಡುವ ಅದೇ ಕಡ್ಡಿ, ಬೇವೇ ಸಿಹಿ ಎನಿಸುವಂಥ ಕಹಿ. ಯಾಲಕ್ಕಿ ಮೇಲೆ ಇರುವುದರಿಂದ ವಾಸನೆ ತಿಳಿಯುವುದಿಲ್ಲ. ನೈವೇದ್ಯಕ್ಕೆ ಮೊದಲು ರುಚಿ ನೋಡಲು ಅವಳ ಮಡಿ ಬಿಡುವುದಿಲ್ಲ. ಕೊಡ ಹೊರಗೆ ಬಂದು, ಮಂದಿ ಬಟ್ಟಲು ಬಾಯಿಗಿಟ್ಟಾಗಲೇ ಗೊತ್ತಾಗಬೇಕು. ಅವಳ ಭಾವ ಉಗುಳಬೇಕು. ಆ ಬೇಗಂ ಉಗುಳಬೇಕು. ಅಂದು ನಕ್ಕವಳು ಈ ಸಲ ಅವಳನ್ನು ನೋಡಿ ನಗಬೇಕು. ನನ್ನ ಹೆಸರು ಹೇಳಿದರೆ ನಾನು ಬರೆದ ರೀತಿ ಕಾಗದದಲ್ಲಿದೆ, ಅದರಲ್ಲಿ ಕಹಿ ಎಲ್ಲಿದೆ ಎಂದು ಕೇಳುತ್ತೇನೆ. ಅವಳದೇ ಕೈ ತಪ್ಪಿತೆನ್ನುತ್ತಾರೆ.

ದೇವರಿಗೂ ಅದನ್ನೇ ಕುಡಿಸುತ್ತೀಯಾ ಎಂದು ನೀನು ಬರೆಯುತ್ತೀ. ಅವನ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ.

ಗಂಟನ್ನು ಬಂಡಿಯ ಮಲ್ಕಪ್ಪನ ಕೈಗೆ ಕೊಟ್ಟಾಗ ಮೂಸಿ ನೋಡಿ, “ಏನ್ ಘಮಾ ಬರಾಕತ್ತೈತ್ರಿ ಬಾಯಿಸಾಬ್ರ! ಬೀಗರ ಮ್ಯಾಲ ಭಾಳ ಪ್ರೀತಿ ಐತಿ ನಿಮಗ,” ಎಂದ. “ಹೌದಪ್ಪಾ, ಭಾಳ ಐತಿ,” ಎಂದೆ.

ನಿನ್ನ ಅಕ್ಕ,
ಉಮಾ

*

ಜೇವರ್ಗಿ
೨೦ ಜೂನ್ ೧೯೪೮

ಪೂಜ್ಯ ಬೀಗಿತಿಯವರಿಗೆ,

ಕುಬಸ ಸಾಂಗವಾಗಿ ಮುಗಿಯಿತು. ನಿಮ್ಮ ಪಾನಕ ಬಹಳ ಚೆನ್ನಾಗಿತ್ತು. ಇಂಥ ಪಾನಕ ನಮ್ಮ ಮನೆಯಲ್ಲಿ ಹಿಂದೆ ಆಗಿರಲಿಲ್ಲ, ಮುಂದೆ ಆಗುವುದೂ ಇಲ್ಲ. ಕೊಡದಲ್ಲಿ ಹನಿ ಉಳಿಯಲಿಲ್ಲ.

ಅಳಿಯಂದಿರು ಇನ್ನೂ ಕೆಲವು ದಿನ ಇಲ್ಲಿರುತ್ತಾರೆ.

ಸುಮಿತ್ರಾಬಾಯಿ

*

ಆಳಂದ
೪ ಜುಲೈ ೧೯೪೮

ಚಿ. ಲೀಲಾಬಾಯಿಗೆ,

ಅವಳ ಕಾಗದವನ್ನು ಇದರ ಸಂಗಡ ಇಟ್ಟಿದ್ದೇನೆ, ನೀನೇ ಓದು. ಚೆನ್ನಾಗಿತ್ತಂತೆ! ಹನಿ ಉಳಿಯಲಿಲ್ಲವಂತೆ!

ಡಬ್ಬಿಯಲ್ಲಿ ಉಳಿದಿದ್ದ ಕಿರಾತಕಡ್ಡಿಯನ್ನು ನಾಲಿಗೆಗಿಟ್ಟು ನೋಡಿದೆ. ಸಂಜೆಯ ತನಕ ಬಾಯಿ ಕಹಿ ಬಿಡಲಿಲ್ಲ. ಹಾಗಾದರೆ ಜೇವರ್ಗಿಯ ಮಂದಿಯ ನಾಲಿಗೆ ಎಂಥದ್ದು? ಮಲ್ಕಪ್ಪ ದಾರಿಯಲ್ಲಿ ಗಂಟು ಬದಲಿಸಿದನೇ ಎಂದು ಕರೆದು ಕೇಳಿದೆ. “ಯವ್ವಾ, ಬಿಚ್ಚಿದ್ದರ ನನ್ನ ಕೈ ಸೇದಿ ಹೋಗಲಿ,” ಎಂದು ಅತ್ತುಬಿಟ್ಟ. ಅವಳು ಪುಡಿ ಚೆಲ್ಲಿ ತನ್ನ ಸುಗಂಧಿ ಬೇರನ್ನೇ ಕಲಸಿದಳೆಂದು ಕಾಣುತ್ತದೆ. ಅಂದರೆ ನನ್ನ ಹೆಸರಿನಲ್ಲಿ ತನ್ನ ಶರಬತ್ತು ಕುಡಿಸಿ, ತಾನೇ ಹೊಗಳಿಸಿಕೊಂಡಳು.

ಎದೆ ಉರಿಯುತ್ತದೆ. ಗುರುರಾಜನಿಗೆ ಬಾ ಎಂದು ಎರಡು ಕಾಗದ ಬರೆದೆ, ಉತ್ತರವಿಲ್ಲ. ಭೀಮೆಯ ಕಡವಿನಲ್ಲಿ ರಜಾಕಾರರು ಬಂಡಿ ತಡೆಯುತ್ತಿದ್ದಾರಂತೆ. ಅದಕ್ಕೇ ಬರುತ್ತಿಲ್ಲ. ಬೇರೆ ಕಾರಣ ಏನಿದ್ದೀತು?

ಉಮಾ

*

ಆಳಂದ
೧೨ ಅಕ್ಟೋಬರ್ ೧೯೪೮

ಸೌ. ಸುಮಿತ್ರಾಬಾಯಿಯವರಿಗೆ,

ಹಿಂದಿನ ತಿಂಗಳು ಹಿಂದುಸ್ತಾನದ ಫೌಜು ಬಂತು, ನಿಜಾಮರ ರಾಜ್ಯ ಹೋಯಿತು. ದಾರಿ ತೆರೆದಿದೆ, ಟಪಾಲು ನಡೆಯುತ್ತಿದೆ. ಇನ್ನು ನನ್ನ ಮಗನಿಗೆ ನೆಪವಿಲ್ಲ.

ಬೇಸಿಗೆಯಿಂದ ಈಚೆಗೆ ಅವನ ಒಂದು ಸಾಲೂ ಇಲ್ಲ. ಜೀವಂತ ಇದ್ದಾನೆಂಬುದನ್ನು ಗಾಣಗಾಪುರಕ್ಕೆ ಹೋಗಿಬಂದವರ ಬಾಯಿಂದ ಕೇಳಬೇಕಾಯಿತು. ಅವನು ನಿಮ್ಮೂರ ಕಚೇರಿಯಲ್ಲಿ ವಕೀಲಿ ಹಿಡಿದಿದ್ದಾನಂತೆ. ಮನೆ ಅಳಿಯನನ್ನಾಗಿ ಇಟ್ಟುಕೊಳ್ಳಲು ನಾನು ಅವನನ್ನು ಹೆತ್ತಿಲ್ಲ. ನೀವು ಅವನ ಕಿವಿಯಲ್ಲಿ ಏನು ಊದಿದ್ದೀರಿ? ಪ್ರಮಿಲಾಗೆ ದಿನ ತುಂಬಿರಬೇಕು. ಅವಳ ಸುದ್ದಿಯೂ ಇಲ್ಲ.

ನಮ್ಮವರು ಪಡಸಾಲೆಯಲ್ಲಿ ಕುಳಿತು ಬಾಗಿಲನ್ನೇ ನೋಡುತ್ತಾರೆ. “ಏನ ಮಾಡಿದಿ ನೀನು?” ಎಂದು ನನ್ನನ್ನೇ ಕೇಳುತ್ತಾರೆ. ನನ್ನ ಮಗ, ನನ್ನ ಸೊಸೆ, ನನ್ನ ಮೊಮ್ಮಗು ನನ್ನ ಮನೆಗೆ ಬರಬೇಕು. ಇದು ವಿನಂತಿ ಅಲ್ಲ.

ಉಮಾಬಾಯಿ

*

ಜೇವರ್ಗಿ
೩ ನವೆಂಬರ್ ೧೯೪೮

ಉಮಾಬಾಯಿಯವರಿಗೆ,

ಹೆಣ್ಣು ಕೂಸು. ಮಹಾನವಮಿಯ ಹೊತ್ತಿಗೆ ಹುಟ್ಟಿತು. ತಾಯಿ, ಕೂಸು ಕ್ಷೇಮ. ನಿಮಗೆ ಬರೆಯುವುದು ಬೇಡವೆಂದವರು ನಿಮ್ಮ ಮಗ. ನಾನು ಊದಿದ್ದು ಏನೂ ಇಲ್ಲ. ಊದಿದ್ದು ನಿಮ್ಮ ಪುಡಿ.

ಮೊದಲು ಲಗ್ನದ ಬಟ್ಟಲಿನ ಮಾತು. ನನ್ನ ಮಗ ಹರಿ ಹಿಂದುಸ್ತಾನದ ಬಾವುಟ ಹಾರಿಸಿದನೆಂದು ದೀಪಾವಳಿಗೂ ಮೊದಲೇ ಹಿಡಿದು ಒಳಗೆ ಹಾಕಿದ್ದರು. ನಿಮಗೆ ತಿಳಿದರೆ ಸರಕಾರಕ್ಕೆ ಹೆದರಿ ಲಗ್ನ ಮುರಿಯುತ್ತೀರೆಂದು ಬಚ್ಚಿಟ್ಟೆವು. ತಂಗಿಯ ಕೈಯಲ್ಲಿ ಅರಳು ಹಾಕಲು ಅಣ್ಣ ಬೇಕು, ಅಣ್ಣ ಲಾಕಪ್ಪಿನಲ್ಲಿ. ಕರೀಮುನ್ನಿಸಾ ಬೇಗಂ ತಮ್ಮ ಗಂಡನ ಹತ್ತಿರ ಹಟ ಹಿಡಿದು, ಆ ಬೆಳಿಗ್ಗೆ ಅವನನ್ನು ಬಿಡಿಸಿ ತಾವೇ ಟಾಂಗಾದಲ್ಲಿ ಕರೆತಂದರು. ಅವನು ಗುಡಿಯ ಹತ್ತಿರ ಇಳಿದದ್ದನ್ನು ನೋಡಿದಾಗ ಬಟ್ಟಲು ನನ್ನ ಕೈಯಲ್ಲಿತ್ತು. ಯಾರಿಗೆ ಕೊಟ್ಟೆನೆಂದು ಆಗ ನನಗೇ ತಿಳಿಯಲಿಲ್ಲ. ತಿಳಿದ ಮೇಲೂ ನನಗೆ ಪಶ್ಚಾತ್ತಾಪವಾಗಲಿಲ್ಲ. ಅವರ ಗಂಡ ಸೆಪ್ಟೆಂಬರಿನ ಗಲಾಟೆಯಲ್ಲಿ ತೀರಿಹೋದರು. ಬೇಗಂ ಈಗ ನಮ್ಮ ಹಿತ್ತಿಲ ಕೋಣೆಯಲ್ಲಿದ್ದಾರೆ. ಯಾರು ಏನೆಂದರೂ ಇರುತ್ತಾರೆ.

ಇನ್ನು ಕುಬಸ. ಹುಳಿಗೆ ಬಾಯಿ ಬಿಡುವ ಬಸುರಿಗೆ ಮಾವಿನಕಾಯಿಯ ಪಾನಕದ ಒಂದು ಗುಟುಕೂ ಬೇಡವೆಂದು ಯಾವ ಅತ್ತೆ ಬರೆಯುತ್ತಾಳೆ? ಆ ಸಾಲು ಓದಿದಾಗಲೇ ಗಂಟಿನಲ್ಲಿ ಏನೋ ಇದೆ ಎಂದುಕೊಂಡೆ. ಮಡಿಯಲ್ಲಿದ್ದವಳು ರುಚಿ ನೋಡುವ ಹಾಗಿರಲಿಲ್ಲ. ಚೆಲ್ಲಬಹುದಿತ್ತು. ಚೆಲ್ಲಲಿಲ್ಲ. ನೈವೇದ್ಯವಾದ ಮೇಲೆ ಎಲ್ಲರ ಎದುರಿಗೆ ಮೊದಲ ಬಟ್ಟಲನ್ನು ಗುರುರಾಜನ ಕೈಗೆ ಕೊಟ್ಟೆ. “ನಿಮ್ಮ ತಾಯಿಯವರಿಗೆ ಸಲ್ಲಬೇಕಾದದ್ದು ಇದು. ಅವರು ಬಂದಿಲ್ಲ, ನೀವು ತಗೋರಿ,” ಎಂದೆ. ತಾಯಿ ಹಾಕಿದ್ದನ್ನು ಮಗನೇ ಕುಡಿಯಲಿ ಎಂದು ಕೊಟ್ಟೆ. ಸುಳ್ಳು ಹೇಳುವುದಿಲ್ಲ.

ಒಂದು ಗುಟುಕಿಗೆ ಅವನ ಕಣ್ಣಲ್ಲಿ ನೀರು ಬಂತು. ನನ್ನನ್ನು ನೋಡಿದ. ಬಟ್ಟಲು ಕೆಳಗಿಡಲಿಲ್ಲ, ಪೂರ್ತಿ ಕುಡಿದು ಮತ್ತೆ ಚಾಚಿದ. “ಇನ್ನೊಂದು ಹಾಕ್ರಿ ಅತ್ಯಾ.” ಎರಡು, ಮೂರು. ನಮ್ಮ ಭಾವನವರು, “ಅಳಿಯಾಂದ್ರು ಕೊಡಾನ ಖಾಲಿ ಮಾಡ್ತಾರಲ್ಲೋ! ನಮಗೂ ಒಂದಿಷ್ಟು ಬಿಡ್ರಿ!” ಎಂದು ನಕ್ಕರು. “ಇಲ್ರೀ, ನಮ್ಮ ಮನ್ಯಾಗ ಪದ್ಧತಿ ಹಂಗ ಅದ. ಕುಬಸದ ಪಾನಕ ಕೂಸಿನ ಅಪ್ಪನೇ ಕುಡೀಬೇಕು. ನೀವು ಮಜ್ಜಿಗಿ ತಗೋರಿ,” ಎಂದು ಇಲ್ಲದ ಪದ್ಧತಿಯೊಂದನ್ನು ಅಲ್ಲೇ ಹುಟ್ಟಿಸಿದ. ಕೊಡ ಹೊತ್ತುಕೊಂಡು ಹಿತ್ತಿಲಿಗೆ ಹೋಗಿ ಮೋರಿಗೆ ಸುರಿದ. ಆಮೇಲೆ ಬಾವಿಯ ಕಟ್ಟೆ ಹಿಡಿದುಕೊಂಡು ಕುಡಿದದ್ದನ್ನೆಲ್ಲ ಕಕ್ಕಿದ.

ನಾನು ನೀರು ಕೊಟ್ಟೆ. “ಜ್ವರ ಬಂದಾಗೊಮ್ಮೆ ಮೂಗು ಹಿಡಿದು ಕಿರಾತಕಡ್ಡಿ ಕುಡಿಸಿದಾಕಿ ಅವ್ವ. ನನಗ ಗುರ್ತು ಹತ್ತೂದಿಲ್ಲೇನು?” ಎಂದ. “ಪಾನಕ ಛಲೋ ಆಗಿತ್ತು ಅಂತ ಬರೀರಿ ಅತ್ಯಾ. ಆಕಿ ಒಬ್ಬಾಕೀನ ಕೂತು ವಿಚಾರ ಮಾಡ್ಲಿ.” ಹಾಗೆಯೇ ಬರೆದೆ. ಬರೆಯುವಾಗ ನನಗೆ ಸಂತೋಷವೂ ಆಯಿತು.

ಅವನ ಮಾತು ಒಂದೇ. ನೀವು ಇಲ್ಲಿಗೆ ಬಂದು ಪ್ರಮಿಲಾಳ ಎದುರಿಗೆ ‘ನಾನು ಹಾಕಿದೆ’ ಎಂದರೆ ಮೂವರೂ ಆಳಂದಕ್ಕೆ ಬರುತ್ತಾರೆ. ಇಲ್ಲದಿದ್ದರೆ ಇಲ್ಲ.

ನನ್ನದೂ ಒಂದು ಮಾತಿದೆ. ಗಲಾಟೆಯಿಂದಾಗಿ ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ಕಾರ್ತಿಕ ಮುಗಿಯುವುದರೊಳಗೆ ನೀವು ಬಾರದಿದ್ದರೆ ನಾನೇ ಇಡುತ್ತೇನೆ, ಉಮಾ ಎಂದು. ನಮ್ಮಲ್ಲಿ ಬದುಕಿರುವ ಹಿರಿಯರ ಹೆಸರನ್ನು ಕೂಸಿಗೆ ಇಡುವುದಿಲ್ಲ. ತೊಟ್ಟಿಲ ಹತ್ತಿರ ಬಂದವರೆಲ್ಲ, “ಅಯ್ಯ, ಆಳಂದದಾಕಿ ಯಾವಾಗ ಹೋದ್ಲು?” ಎಂದು ಕೇಳುತ್ತಾರೆ. ನಾನು ಸುಮ್ಮನೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತೇನೆ.

ಸುಮಿತ್ರಾಬಾಯಿ

*

ಆಳಂದ
೧೪ ನವೆಂಬರ್ ೧೯೪೮

ಸೌ. ಸುಮಿತ್ರಾಬಾಯಿಯವರಿಗೆ,

ನಿಮ್ಮ ಕಾಗದವನ್ನು ನಮ್ಮವರಿಗೆ ಓದಿ ಹೇಳಿದೆ, ಒಂದು ಸಾಲೂ ಬಿಡದೆ. ಅವರು ಎದ್ದು ಹೋಗಿ ಮಲ್ಕಪ್ಪನಿಗೆ ಬಂಡಿ ಹೂಡಲು ಹೇಳಿದರು.

ಲಾಕಪ್ಪಿನ ಸುದ್ದಿಯನ್ನು ನೀವು ಅಂದೇ ನನ್ನ ಕಿವಿಯಲ್ಲಿ ಹೇಳಿದ್ದರೆ ನಾನು ಲಗ್ನ ಮುರಿಯುತ್ತಿದ್ದೆನೇ? ಮುರಿಯುತ್ತಿದ್ದೆ ಎಂದು ಕಾಣುತ್ತದೆ. ಆ ಒಂದು ವಿಷಯದಲ್ಲಿ ನೀವು ನನ್ನನ್ನು ಸರಿಯಾಗಿ ಅಳೆದಿರಿ. ಬೇಗಂ ಅವರಿಗೆ ಕೊಟ್ಟ ಬಟ್ಟಲಿನ ಮಾತನ್ನು ನಾನು ಇನ್ನು ಎತ್ತುವುದಿಲ್ಲ. ಅವರು ನಿಮ್ಮ ಮನೆಯಲ್ಲೇ ಇರಲಿ. ಅವರ ಬಗ್ಗೆ ಮಾತಾಡುವವರಿಗೆ ನಾನು ಬಂದ ಮೇಲೆ ಉತ್ತರ ಕೊಡುತ್ತೇನೆ.

ಆದರೆ ಕಹಿ ಇದೆಯೆಂದು ತಿಳಿದೂ ನನ್ನ ಮಗನ ಕೈಗೆ ಕೊಟ್ಟಿರಲ್ಲ, ಅದನ್ನು ನಾನು ಬಿಟ್ಟಿಲ್ಲ. ನಾನು ಹಾಕಿದ್ದು ಕಿರಾತಕಡ್ಡಿಯೆಂದು ನನಗೆ ಗೊತ್ತಿತ್ತು. ನಿಮಗೆ ಏನೆಂದು ಗೊತ್ತಿರಲಿಲ್ಲ. ಆದರೂ ಕೊಟ್ಟಿರಿ. ಇಬ್ಬರಲ್ಲಿ ಹೆಚ್ಚಿನವರು ಯಾರೆಂದು ರಾತ್ರಿಯೆಲ್ಲ ವಿಚಾರ ಮಾಡಿದೆ. ಬೆಳಗಾಯಿತೇ ಹೊರತು ತೀರ್ಮಾನವಾಗಲಿಲ್ಲ.

ನಾನು ಸತ್ತಿಲ್ಲ. ಬರುತ್ತಿದ್ದೇನೆ. ಕೂಸಿಗೆ ನನ್ನ ಅತ್ತೆಯವರ ಹೆಸರಿಡಬೇಕು, ರುಕ್ಮಿಣಿ ಎಂದು. ಅದನ್ನು ತೊಟ್ಟಿಲಲ್ಲಿ ಕೂಗುವವಳು ನಾನು. ಅಲ್ಲಿಯ ತನಕ ಬೇರೆ ಯಾವ ಹೆಸರಿನಿಂದಲೂ ಅದನ್ನು ಕರೆಯಬೇಡಿ.

ಗುರುರಾಜ ಕೇಳಿದ ಮಾತನ್ನು ಹೇಳುತ್ತೇನೆ. ಪ್ರಮಿಲಾಳ ಎದುರಿಗೇ, ಅವಳ ಮುಖ ನೋಡಿಯೇ ಹೇಳುತ್ತೇನೆ. ನಿಮ್ಮ ಎದುರಿಗೆ ಮಾತ್ರ ಹೇಳುವುದಿಲ್ಲ. ಆ ಹೊತ್ತಿಗೆ ನೀವು ನೀರು ತರಲು ಬಾವಿಗೆ ಹೋಗಬೇಕು. ಬಾಗಿಲ ಹಿಂದೆ ನಿಂತರೆ ನನಗೆ ತಿಳಿಯುತ್ತದೆ.

ಇನ್ನೊಂದು. ದಾರಿಯ ನೀರನ್ನು ನಾನೇ ತಂಬಿಗೆಯಲ್ಲಿ ತರುತ್ತಿದ್ದೇನೆ. ಬಂಡಿ ಇಳಿದ ಕೂಡಲೇ ಬಟ್ಟಲು ಹಿಡಿದು ಎದುರಿಗೆ ಬರಬೇಡಿ. ನೀವು ಎಷ್ಟು ಪ್ರೀತಿಯಿಂದ ಕೊಟ್ಟರೂ ನಾನು ಕುಡಿಯುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಅದರಲ್ಲಿ ಏನು ಹಾಕುತ್ತಿದ್ದೆನೆಂದು ನನಗೆ ಗೊತ್ತು.

ಉಮಾಬಾಯಿ